ಮೋರೇರ ಮನೆಗಳು: ಮೂರು ಗೇಣಿನ ಮಂದಿ ಯಾರು?

(ಯಾತ್ರಿಕರ ತಿಳುವಳಿಕೆಗಾಗಿ ಒಂದು ಪಾಠ)



ದರ್ಶನ ಮುಗಿಸಿ, ಪ್ರಸಾದ ತೆಗೆದುಕೊಂಡು, ಕಚೇರಿ ಕಿಡಕಿಯ ಹತ್ತಿರ ಬಂದು ನಿಲ್ಲುವ ಯಾತ್ರಿಕರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಒಂದು, ಮುಂದಿನ ಬಸ್ಸು ಎಷ್ಟಕ್ಕೆ. ಎರಡು, ಕೂಡಲಸಂಗಮ, ಐಹೊಳೆ, ಬಾದಾಮಿ ಒಂದೇ ದಿನದಾಗ ಆಗತಾವೇನು. ಮೂರು, "ಐಹೊಳಿ ಗುಡ್ಡದ ಮ್ಯಾಲೆ ಮೋರೇರ ಮನಿ ಅದಾವಂತಲ್ರಿ, ಆ ಮೋರೇರು ಅಂದ್ರ ಯಾರು?" ಮೊದಲಿನ ಎರಡಕ್ಕೆ ಗೋಡೆಯ ಮೇಲೆ ಬೋರ್ಡು ಹಾಕಿದ್ದೇವೆ. ಮೂರನೆಯದಕ್ಕೆ ಈ ಲೇಖನ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಈ ಪುಸ್ತಕದ ಹಿಂದಿನ ಮುದ್ರಣದಲ್ಲಿ ಸುತ್ತಲಿನ ಸ್ಥಳಗಳ ಪುಟವನ್ನು ಬರೆದವನು ನಾನೇ. ಅದರಲ್ಲಿ ಮೋರೇರ ವಿಷಯ ನಾಲ್ಕು ಸಾಲು ಇತ್ತು. ಆ ನಾಲ್ಕರಲ್ಲಿ ಒಂದು ಸಾಲು ತಪ್ಪು. ಬರೇ ತಪ್ಪಲ್ಲ, ಕೇಡು ಮಾಡುವಂಥ ತಪ್ಪು. ಅದು ಯಾವುದೆಂದು ಕೊನೆಯಲ್ಲಿ ಹೇಳುತ್ತೇನೆ. ನಾನು ಪಂಡಿತನಲ್ಲ. ಮರೋಳ ಸೀಮೆಯಲ್ಲಿ ಹುಟ್ಟಿ ಬೆಳೆದು, ಪಿಯುಸಿ ತನಕ ಓದಿ, ದೇವಸ್ಥಾನದ ಕಚೇರಿಯಲ್ಲಿ ರಸೀದಿ ಬರೆಯುವವನು. ತಿಳಿದವರನ್ನು ಕೇಳಿ, ಪುಸ್ತಕ ಓದಿ, ಸ್ವತಃ ನೋಡಿ ಬಂದು ಇಲ್ಲಿ ಬರೆದಿದ್ದೇನೆ.

ಮೋರೇರ ಮನೆ ಎಂದರೆ ಏನು?

ಐಹೊಳೆಯಲ್ಲಿ ಊರ ಮಗ್ಗಲು ಒಂದು ಗುಡ್ಡವಿದೆ. ಅದರ ಮೇಲೆ ಮೇಗುಟಿ ಎಂಬ ಜೈನ ಬಸದಿ ಇದೆ. ಮೇಗುಟಿ ಅಂದರೆ ಮೇಲಿನ ಗುಡಿ. ಇಮ್ಮಡಿ ಪುಲಿಕೇಶಿಯ ಕಾಲದಲ್ಲಿ, ಕ್ರಿ.ಶ. 634ರಲ್ಲಿ, ರವಿಕೀರ್ತಿ ಎಂಬ ಕವಿ ಬರೆಸಿದ ಶಾಸನ ಅದರ ಗೋಡೆಯಲ್ಲೇ ಇದೆ. ಬಹಳ ಮಂದಿ ಶಾಸನ ನೋಡಿ, ಕೆಳಗಿನ ಗುಡಿಗಳ ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ಬಸದಿಯ ಹಿಂದಕ್ಕೆ ನಾಲ್ಕು ಹೆಜ್ಜೆ ಹೋಗುವುದಿಲ್ಲ.

ಹೋದರೆ ಅಲ್ಲಿ ಕಲ್ಲಿನ ಸಣ್ಣ ಸಣ್ಣ ಮನೆಗಳು ಕಾಣುತ್ತವೆ. ಮೂರು ಕಡೆ ಮೂರು ಚಪ್ಪಡಿ ನಿಲ್ಲಿಸಿ, ಮೇಲೆ ಒಂದು ದೊಡ್ಡ ಚಪ್ಪಡಿ ಹೊದಿಸಿದ್ದಾರೆ. ಮುಂದಿನ ಕಡೆಯ ಚಪ್ಪಡಿಯಲ್ಲಿ ದುಂಡಗೆ ಒಂದು ಕಿಂಡಿ ಕೊರೆದಿರುತ್ತಾರೆ. ಗಾರೆ ಇಲ್ಲ, ಸುಣ್ಣ ಇಲ್ಲ, ಕೆತ್ತನೆ ಇಲ್ಲ, ಅಕ್ಷರ ಇಲ್ಲ. ಇಂಥವು ಅಲ್ಲಿ ಸುಮಾರು 45 ಉಳಿದಿವೆ. ಒಡೆದು ಹಾಳಾದವು ಬೇರೆ. ಇವಕ್ಕೆ ಊರವರು ಮೋರೇರ ಮನಿ ಅಂತಾರೆ, ಕೆಲವರು ಮೋರೇರ ತಟ್ಟಿ ಅಂತಾರೆ.

ಐಹೊಳೆಯಲ್ಲಿ ಮಾತ್ರ ಅಲ್ಲ. ಯಾದಗಿರಿ ಜಿಲ್ಲೆಯ ರಾಜನಕೋಳೂರಿನಲ್ಲಿ ಇವೆ. ಎಲ್ಲಕ್ಕಿಂತ ದೊಡ್ಡದು ಕೊಪ್ಪಳ ಜಿಲ್ಲೆ ಗಂಗಾವತಿ ಹತ್ತಿರದ ಹಿರೇಬೆಣಕಲ್ಲು. ಅಲ್ಲಿಯ ಗುಡ್ಡದ ಹೆಸರೇ ಮೋರೇರ ಗುಡ್ಡ. ಅಲ್ಲಿ ನೂರಾರು ಕಲ್ಲುಮನೆಗಳು ಒಂದೇ ಕಡೆ ನಿಂತಿವೆ, ನೋಡಿದರೆ ಒಂದು ಊರಿನ ಹಾಗೆಯೇ ಕಾಣುತ್ತದೆ. ದೊಡ್ಡ ಬಂಡೆಯ ಮೇಲೆ ನಗಾರಿಯ ಆಕಾರದ ಒಂದು ಕಲ್ಲು ಇದೆ. ಬಡಿದರೆ ಸಪ್ಪಳ ಬಹು ದೂರ ಕೇಳುತ್ತದೆ. ಈ ಹಿರೇಬೆಣಕಲ್ಲು 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ಹಿರಿಯರು ಹೇಳುವ ಕಥೆ

ಕಥೆ ಹೀಗಿದೆ. ಮೋರೇರು ಅಂದರೆ ಮೂರು ಗೇಣಿನ ಮಂದಿ. ನಮಗಿಂತ ಮೊದಲು ಈ ಗುಡ್ಡಗಳಲ್ಲಿ ವಾಸ ಇದ್ದವರು. ಎತ್ತರ ಮೂರು ಗೇಣು, ಶಕ್ತಿ ಮಾತ್ರ ಆನೆಯದು. ಒಬ್ಬನೇ ಒಂದು ಚಪ್ಪಡಿ ಹೊತ್ತು ಗುಡ್ಡ ಏರುತ್ತಿದ್ದ. ಮನೆಗೆ ಬಾಗಿಲಿಲ್ಲ, ಆ ದುಂಡು ಕಿಂಡಿಯೇ ಬಾಗಿಲು. ಅದರಲ್ಲಿ ತೂರಿ ಒಳಗೆ ಹೋಗುವುದು, ತೂರಿ ಹೊರಗೆ ಬರುವುದು. ಕೊನೆಗೆ ಒಂದು ದಿನ ಬೆಂಕಿಯ ಮಳೆ ಬಂತು. ಎಲ್ಲರೂ ಓಡಿ ಬಂದು ತಮ್ಮ ತಮ್ಮ ಕಲ್ಲುಮನೆಯಲ್ಲಿ ಹೊಕ್ಕರು, ಅಲ್ಲಿಯೇ ಮಲಗಿದರು, ಮತ್ತೆ ಏಳಲಿಲ್ಲ.

ಇದನ್ನು ನನಗೆ ಹೇಳಿದವಳು ನಮ್ಮ ಅಜ್ಜಿ. ಇದರಲ್ಲಿ ಊರ ಕಥೆ ಎಷ್ಟು, ಅಜ್ಜಿ ತಾನು ಸೇರಿಸಿದ್ದು ಎಷ್ಟು ಎಂದು ಈಗ ಬೇರೆ ಮಾಡಲಿಕ್ಕೆ ಬರುವುದಿಲ್ಲ. ಏಳೆಂಟು ವರ್ಷದವನಿದ್ದಾಗ ಚಕ್ಕಡಿಯಲ್ಲಿ ಐಹೊಳೆಗೆ ಹೋಗಿದ್ದೆವು. ನಾನು ಕಿಂಡಿಯಲ್ಲಿ ತಲೆ ಹಾಕಿ ಒಳಗೆ ಇಳಿದುಬಿಟ್ಟೆ. ಅಜ್ಜಿ ಬೈಯಲಿಲ್ಲ. ಹೊರಗೇ ಕುಂತು, "ಬಾ ಯಪ್ಪಾ, ಹೊರಗ ಬಾ. ಅವರು ಮಲಗ್ಯಾರ, ಎಬ್ಬಸಬ್ಯಾಡ" ಅಂದಳು. ಆಮೇಲೆ ತನ್ನ ಸಂಚಿಯಿಂದ ಒಂದು ಎಲೆ, ಒಂದು ಅಡಿಕೆ ತೆಗೆದು ನನ್ನ ಕೈಯಿಂದಲೇ ಆ ಕಲ್ಲಿನ ಮುಂದೆ ಇಡಿಸಿದಳು. ಆಗ ನನಗೆ ನಗು ಬಂದಿತ್ತು.

ಈ ಕಥೆ ನಮ್ಮ ಅಜ್ಜಿಯ ಕಾಲದ್ದಷ್ಟೇ ಅಲ್ಲ. 1850ರ ಆಸುಪಾಸಿನಲ್ಲಿ ಸುರಪುರ ಸಂಸ್ಥಾನದಲ್ಲಿ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರು ರಾಜನಕೋಳೂರಿನ ಕಲ್ಲುಮನೆಗಳನ್ನು ನೋಡಿ, ಅಳೆದು, ಆ ಭಾಗದಲ್ಲಿ ಕೆಲವು ಗೋರಿಗಳನ್ನು ಅಗೆಸಿ ನೋಡಿ ಬರೆದಿಟ್ಟರು. ಇವನ್ನು ಕಟ್ಟಿದವರು ಕುಳ್ಳ ಜನ ಎಂದು ಅಲ್ಲಿಯವರು ನಂಬಿದ್ದನ್ನೂ ಬರೆದರು. ತಮ್ಮ ದೇಶದಲ್ಲಿಯೂ ಇಂಥವೇ ಕಲ್ಲುಗಳಿರುವುದನ್ನು ನೆನೆದು ಅವರು ಸೋಜಿಗಪಟ್ಟಿದ್ದರು.

ಬಾದಾಮಿಯ ಕುಳ್ಳರು ಬೇರೆ

ಇಲ್ಲಿ ಯಾತ್ರಿಕರು ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಬಾದಾಮಿಯ ಮೇಣಬಸದಿಗಳನ್ನು ನೋಡಿದವರು, "ಅಲ್ಲಿ ಕಟ್ಟೆಯ ಸಾಲಿನಲ್ಲಿ ಕೆತ್ತಿದ ಡೊಳ್ಳು ಹೊಟ್ಟೆಯ ಕುಳ್ಳರೇ ಮೋರೇರು ಹೌದಲ್ಲೋ?" ಅಂತ ಕೇಳುತ್ತಾರೆ. ಅಲ್ಲ. ಅವರು ಗಣಗಳು, ಅಂದರೆ ಶಿವನ ಪರಿವಾರ. ಕುಣಿಯುವವರು, ಬಾರಿಸುವವರು, ಕೆಲವರಿಗೆ ಪ್ರಾಣಿಯ ಮೋರೆ. ಅವು ಚಾಲುಕ್ಯರ ಕಾಲದ ಶಿಲ್ಪಿಗಳ ಕೈಕೆಲಸ. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನ ಇರುವುದರಿಂದ ಅದರ ಕಾಲ ಕ್ರಿ.ಶ. 578 ಎಂದು ಖಚಿತವಾಗಿ ಗೊತ್ತಿದೆ. ಮೋರೇರ ಮನೆಗಳು ಅದಕ್ಕಿಂತ ಬಹಳ ಹಿಂದಿನವು. ರವಿಕೀರ್ತಿ ಮೇಗುಟಿಯನ್ನು ಕಟ್ಟಿಸುವಾಗಲೇ ಹಿಂದಿನ ಆ ಕಲ್ಲುಗಳು ಹಳೆಯವಾಗಿ, ಕಟ್ಟಿದವರ ಹೆಸರು ಮರೆತು ಹೋಗಿರಬೇಕು.

ದೇಹದ ಲೆಕ್ಕ

ಈಗ ಸ್ವಲ್ಪ ಲೆಕ್ಕ ಮಾಡೋಣ. ಶಾಲೆಗೆ ಹೋಗುವ ಮಕ್ಕಳು ಜೊತೆಯಲ್ಲಿದ್ದರೆ ಅವರ ಕೈಗೆ ಪೆನ್ನು ಕೊಡಿರಿ.

ಒಂದು ಗೇಣು ಅಂದರೆ 9 ಅಂಗುಲ. ಮೂರು ಗೇಣು ಅಂದರೆ 27 ಅಂಗುಲ, ಸುಮಾರು ಎರಡೂಕಾಲು ಅಡಿ. ನಮ್ಮ ಕಡೆಯ ಸಾಧಾರಣ ಗಂಡಸು ಐದೂವರೆ ಅಡಿಯ ಹತ್ತಿರ ಇರುತ್ತಾನೆ. ಅಂದರೆ ಮೋರೇರವನಿಗಿಂತ ನಾವು ಎತ್ತರದಲ್ಲಿ ಸುಮಾರು 2.4 ಪಟ್ಟು.

ಶಕ್ತಿ ಎತ್ತರದ ಲೆಕ್ಕದಲ್ಲಿ ಬರುವುದಿಲ್ಲ, ಸ್ನಾಯುವಿನ ದಪ್ಪದ ಲೆಕ್ಕದಲ್ಲಿ ಬರುತ್ತದೆ. ಹಗ್ಗ ನೋಡಿರಿ. ಹಗ್ಗ ಎಷ್ಟು ಉದ್ದ ಎಂಬುದರಿಂದ ಭಾರ ತಡೆಯುವುದಿಲ್ಲ, ಎಷ್ಟು ದಪ್ಪ ಎಂಬುದರಿಂದ ತಡೆಯುತ್ತದೆ. ದೇಹ ಎಲ್ಲ ಕಡೆಯಿಂದ 2.4 ಪಟ್ಟು ಸಣ್ಣದಾದರೆ ಸ್ನಾಯುವಿನ ಅಡ್ಡಗಲ 2.4ನ್ನು 2.4ರಿಂದ ಗುಣಿಸಿದಷ್ಟು, ಅಂದರೆ ಸುಮಾರು 5.8 ಪಟ್ಟು ಕಡಿಮೆಯಾಗುತ್ತದೆ. ನಮ್ಮವನು 60 ಕಿಲೋ ಎತ್ತಿದರೆ, ನಮ್ಮಂಥದೇ ಸ್ನಾಯು ಇದ್ದ ಮೂರು ಗೇಣಿನವನು 10 ಕಿಲೋ ಎತ್ತಿಯಾನು.

ಕಲ್ಲಿನ ಭಾರ ನೋಡೋಣ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಕಾಲು ಮೀಟರ್ ದಪ್ಪದ ಮರಳುಗಲ್ಲಿನ ಚಪ್ಪಡಿ ಎಂದು ಹಿಡಿದರೆ ಅದು ಒಂದು ಘನ ಮೀಟರ್. ಭಾರ ಸುಮಾರು 23 ಕ್ವಿಂಟಲ್. ಎತ್ತಲು ನಮ್ಮಂಥವರು 40 ಮಂದಿ ಬೇಕು. ಮೂರು ಗೇಣಿನವರಾದರೆ 230 ಮಂದಿ ಬೇಕು. ಆ ಚಪ್ಪಡಿಯ ಸುತ್ತಳತೆ ಇರುವುದೇ 8 ಮೀಟರ್. 230 ಮಂದಿ ಕೈ ಹಚ್ಚಲಿಕ್ಕೆ ಜಾಗ ಎಲ್ಲಿದೆ? ಆದ್ದರಿಂದ ಕಥೆ ಮೋರೇರಿಗೆ ಆನೆಯ ಬಲ ಕೊಡಲೇಬೇಕಾಯಿತು. ಆ ಬಲ ಇಲ್ಲದಿದ್ದರೆ ಕಥೆ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಹಿರೇಬೆಣಕಲ್ಲಿನಲ್ಲಿ ಕೆಲವು ಕಲ್ಲುಮನೆಗಳು ಆಳೆತ್ತರಕ್ಕಿಂತ ಎತ್ತರ ಇವೆ. ಎರಡೂಕಾಲು ಅಡಿಯ ಮನುಷ್ಯನಿಗೆ ಅಷ್ಟು ಎತ್ತರದ ಮನೆ ಯಾಕೆ ಬೇಕು? ಕಿಂಡಿ ನೋಡಿ ಕುಳ್ಳರು ಅಂದೆವು, ಚಾವಣಿ ನೋಡಲಿಲ್ಲ.

ಹಾಗಾದರೆ ಗಿಡ್ಡ ಮನುಷ್ಯರು ಇರಲೇ ಇಲ್ಲವೇ?

ಇದ್ದರು. ಆದರೆ ಇಲ್ಲಿ ಅಲ್ಲ, ಆ ಕಾಲದಲ್ಲೂ ಅಲ್ಲ. ಇಂಡೋನೇಷ್ಯಾದ ಫ್ಲೋರೆಸ್ ಎಂಬ ದ್ವೀಪದ ಗವಿಯೊಂದರಲ್ಲಿ 2003ರಲ್ಲಿ ಎಲುಬುಗಳು ಸಿಕ್ಕವು. ಬೆಳೆದ ಹೆಣ್ಣುಮಗಳ ಎಲುಬು, ಎತ್ತರ ಮಾತ್ರ ಒಂದು ಮೀಟರಿಗೆ ತುಸು ಹೆಚ್ಚು. ಮಿದುಳು ನಮ್ಮ ಮಿದುಳಿನ ಮೂರನೆಯ ಒಂದು ಭಾಗದಷ್ಟೇ. ಅವರು ನಮ್ಮ ಜಾತಿಯ ಮನುಷ್ಯರಲ್ಲ, ಬೇರೆಯೇ ಒಂದು ಮಾನವ ಪ್ರಭೇದ ಎಂದು 2004ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಲ್ಲಿನ ಸಣ್ಣ ಆಯುಧ ಮಾಡುತ್ತಿದ್ದರು. ಆದರೆ ಅವರ ಕಾಲ ಮುಗಿದು ಸುಮಾರು 50,000 ವರ್ಷ ಆಯಿತು. ನಮ್ಮ ಕಲ್ಲುಮನೆಗಳು ಎರಡು ಮೂರು ಸಾವಿರ ವರ್ಷದವು. ಇವರಿಗೂ ಅವರಿಗೂ ಸಂಬಂಧ ಇಲ್ಲ. ಕುಳ್ಳ ಮನುಷ್ಯಜಾತಿ ಎಂಬುದು ಪ್ರಪಂಚದಲ್ಲಿ ಆಗದ ಮಾತಲ್ಲ ಎಂದು ತೋರಿಸಲು ಮಾತ್ರ ಇದನ್ನು ಬರೆದೆ.

ಎಲುಬು ಹೇಳುವ ಸಾಕ್ಷಿ

ಕಥೆಗೆ ಸಾಕ್ಷಿ ಬೇಕಲ್ಲ? ಸಾಕ್ಷಿ ಮಣ್ಣಿನಲ್ಲಿ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ಎಂಬವರು ಉತ್ಖನನ ಮಾಡಿಸಿದರು. ಅಲ್ಲಿಯೂ ಚಪ್ಪಡಿಯ ಕೋಣೆಗಳು, ಚಪ್ಪಡಿಯಲ್ಲಿ ದುಂಡು ಕಿಂಡಿ. ಒಳಗೆ ಸಿಕ್ಕಿದ್ದು ಎಲುಬು, ಕಪ್ಪು ಕೆಂಪು ಎರಡೂ ಬಣ್ಣದ ಗಡಿಗೆಗಳು, ಕಬ್ಬಿಣದ ಸಾಮಾನುಗಳು. ಅಂದರೆ ಅವು ಮನೆಗಳಲ್ಲ, ಸಮಾಧಿಗಳು. ಅಲ್ಲಿಂದ ಮುಂದೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಅಗೆದು ನೋಡಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಡಾ. ಅ. ಸುಂದರ ಅವರು ಉತ್ತರ ಕರ್ನಾಟಕದ ಗುಡ್ಡ ಗುಡ್ಡ ತಿರುಗಿ, ಇಂಥ ಕಲ್ಲುಕೋಣೆಗಳನ್ನು ಅಳೆದು, ಅವುಗಳ ಮೇಲೆಯೇ 1975ರಲ್ಲಿ ಇಂಗ್ಲಿಷಿನಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು.

ಈ ಗೋರಿಗಳಲ್ಲಿ ಸಿಕ್ಕ ಎಲುಬುಗಳು ನಮ್ಮ ನಿಮ್ಮಂಥ ಮನುಷ್ಯರ ಎಲುಬುಗಳು. ಮೂರು ಗೇಣಿನವಲ್ಲ, ರಾಕ್ಷಸರವೂ ಅಲ್ಲ. ಇವರ ಕಾಲ ಸುಮಾರಾಗಿ ಕ್ರಿ.ಪೂ. 1200ರಿಂದ ಕ್ರಿಸ್ತಶಕದ ಮೊದಲ ಶತಮಾನಗಳ ತನಕ. ಪುಸ್ತಕದಲ್ಲಿ ಇದಕ್ಕೆ ಬೃಹತ್ ಶಿಲಾಯುಗ ಅಂತಾರೆ. ಹೆಸರು ಶಿಲಾಯುಗ ಇದ್ದರೂ ಇವರು ಕಬ್ಬಿಣ ಬಲ್ಲವರು.

ಕಿಂಡಿ ಯಾಕೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಬಾಗಿಲಲ್ಲ ಅಂದ ಮೇಲೆ ಕಿಂಡಿ ಏನಕ್ಕೆ?

ಆ ಕಾಲದವರಲ್ಲಿ ಎಷ್ಟೋ ಕಡೆ ಒಂದು ರೂಢಿ ಇತ್ತು. ಮನುಷ್ಯ ತೀರಿಕೊಂಡ ಕೂಡಲೇ ಇಡೀ ದೇಹವನ್ನು ಕಲ್ಲುಕೋಣೆಯಲ್ಲಿ ಇಡುತ್ತಿರಲಿಲ್ಲ. ಮೊದಲು ಬೇರೆ ಕಡೆ ಇಟ್ಟು, ಆಮೇಲೆ ಎಲುಬು ಆರಿಸಿ ತಂದು ಇಲ್ಲಿ ಇಡುತ್ತಿದ್ದರು. ಒಂದೇ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಎಲುಬು ಸಿಕ್ಕಿದ್ದುಂಟು. ಹಾಗಾದರೆ ಮೇಲಿನ 23 ಕ್ವಿಂಟಲ್ ಚಪ್ಪಡಿಯನ್ನು ಪ್ರತಿ ಸಲ ಎತ್ತಲಿಕ್ಕೆ ಆದೀತೇ? ಕಿಂಡಿ ಇದ್ದರೆ ಎಲುಬು ಇಡಬಹುದು, ಗಡಿಗೆ ಇಡಬಹುದು, ಗತಿಸಿದವರಿಗೆ ಕೊಡುವುದನ್ನು ಕೊಡಬಹುದು. ತಿಳಿದವರು ಕಿಂಡಿಗೆ ಕೊಡುವ ಅರ್ಥ ಇದು.

ಇದರಲ್ಲಿ ನಮಗೆ ಅರ್ಥವಾಗದ್ದು ಏನೂ ಇಲ್ಲ. ನಮ್ಮ ಮನೆಗಳಲ್ಲಿ ಹಿರೇರ ಹೆಸರಲ್ಲಿ ಎಡೆ ಇಡುವುದಿಲ್ಲವೇ? ತೀರಿಕೊಂಡವರಿಗೆ ಇಷ್ಟವಾದ ಅಡಿಗೆ ಮಾಡಿ, ಅವರು ಬಂದು ಉಣ್ಣುತ್ತಾರೆ ಎಂದು ತುಸು ಹೊತ್ತು ಹೊರಗೆ ಬಂದು ನಿಲ್ಲುವುದಿಲ್ಲವೇ? ಆ ಕಿಂಡಿ ಸತ್ತವರಿಗೂ ಬದುಕಿದವರಿಗೂ ನಡುವೆ ಬಿಟ್ಟ ದಾರಿ. ಕಥೆಯೂ ಅದನ್ನು ಬಾಗಿಲು ಅಂದಿತು. ಹೋಗಿ ಬರುವವರು ಯಾರು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಅವರ ಊಟ, ಉದ್ಯೋಗ, ಕಸಬು

ಇವರು ನಮ್ಮ ಹಾಗೆಯೇ ಒಕ್ಕಲುತನದ ಮಂದಿ, ದನ ಕುರಿ ಸಾಕಿದವರು. ನಮ್ಮ ಭಾಗದಲ್ಲಿ ಅವರಿಗೂ ಹಿಂದಿನ ನವಶಿಲಾಯುಗದ ಊರುಗಳ ಬೂದಿ ಮಣ್ಣಿನಲ್ಲಿ ಸುಟ್ಟ ಕಾಳುಗಳು ಸಿಕ್ಕಿವೆ. ಹುರುಳಿ, ಹೆಸರು, ಕೊರಲೆ. ಅಂದರೆ ಇವತ್ತು ನಮ್ಮ ತಾಯಂದಿರು ಮಾಡುವ ಹುರುಳಿಯ ಸಾರಿಗೆ ಮೂರು ನಾಲ್ಕು ಸಾವಿರ ವರ್ಷದ ವಯಸ್ಸು ಆಯಿತು. ಹಳ್ಳೂರಿನಲ್ಲಿ ಕ್ರಿ.ಪೂ. 1000ದ ಆಸುಪಾಸಿಗೇ ಕಬ್ಬಿಣ ಕಂಡಿದೆ.

ಇನ್ನು ಚಪ್ಪಡಿ ಹೇಗೆ ಏರಿಸಿದರು? ಇಳಕಲ್ಲಿನ ಕೆಂಪು ಗ್ರಾನೈಟ್ ಕಣಿಗಳಲ್ಲಿ ದುಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಲ್ಲಿಗೆ ಪದರು ಇರುತ್ತದೆ, ಅದರ ಗುಣ ನೋಡಿ ಎಬ್ಬಿಸಬೇಕು. ಐಹೊಳೆಯ ಗುಡ್ಡದ್ದು ಮರಳುಗಲ್ಲು, ಪದರು ಪದರಾಗಿ ಏಳುತ್ತದೆ. ಎದ್ದ ಚಪ್ಪಡಿಯ ಕೆಳಗೆ ದುಂಡು ಕಟ್ಟಿಗೆ ಹಾಕಿ, ಹಗ್ಗ ಕಟ್ಟಿ ಎಳೆದು, ಮೀಟಿ ಮೀಟಿ, ಮಣ್ಣಿನ ಇಳಿಜಾರು ಕಟ್ಟಿ ಮೇಲಕ್ಕೆ ತಂದಿರಬೇಕು. ಇದಕ್ಕೆ ಆನೆ ಬಲ ಬೇಡ, ಒಕ್ಕಟ್ಟು ಬೇಕು. ಒಬ್ಬರು ತೀರಿಕೊಂಡರೆ ಊರಿಗೆ ಊರೇ ಬಂದು ಹಗ್ಗಕ್ಕೆ ಕೈ ಹಾಕಬೇಕು. ಆ ಚಪ್ಪಡಿಯಲ್ಲಿ ನಾವು ಕಾಣಬೇಕಾದದ್ದು ಈ ಒಕ್ಕಟ್ಟನ್ನು.

ಮೋರೇರು ಎಂಬ ಹೆಸರು

ಮೋರೇರು ಅಂದರೆ ಮೌರ್ಯರು, ಅಶೋಕ ಚಕ್ರವರ್ತಿಯ ವಂಶದವರು ಎಂದು ಕೆಲವರು ಹೇಳುತ್ತಾರೆ. ಅಶೋಕನ ಶಾಸನಗಳು ನಮ್ಮ ಭಾಗದಲ್ಲಿ ಇರುವುದು ನಿಜ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ. ಕೊಪ್ಪಳದ ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇವೆ. ಹೆಸರು ಹತ್ತಿರ ಬರುತ್ತದೆ ಎಂಬುದೂ ನಿಜ. ಆದರೆ ಅಶೋಕ ಆಳಿದ್ದು ಕ್ರಿ.ಪೂ. ಮೂರನೆಯ ಶತಮಾನದಲ್ಲಿ. ಕಲ್ಲುಗೋರಿ ಕಟ್ಟುವ ರೂಢಿ ಅದಕ್ಕೂ ನೂರಾರು ವರ್ಷ ಮೊದಲೇ ಶುರುವಾಗಿತ್ತು. ಆದ್ದರಿಂದ ಇದನ್ನು ಮೌರ್ಯರು ತಂದರು ಅನ್ನಲು ಬರುವುದಿಲ್ಲ.

ಬೇರೆ ಬೇರೆ ಸೀಮೆಯವರು ಇಂಥವೇ ಕಲ್ಲುಗಳಿಗೆ ಬೇರೆ ಬೇರೆ ಹೆಸರು ಇಟ್ಟಿದ್ದಾರೆ:

1. ಕೊಡಗಿನವರು ಪಾಂಡವರ ಹೆಸರು ಹಿಡಿದು ಪಾಂಡವ ಪಾರೆ ಅಂತಾರೆ.
2. ತೆಲುಗು ಸೀಮೆಯಲ್ಲಿ ರಾಕ್ಷಸ ಗುಳ್ಳು, ಅಂದರೆ ರಾಕ್ಷಸರ ಗುಡಿಗಳು.
3. ಕೇರಳದ ಮರಯೂರಿನಲ್ಲಿ ಮುನಿಯರ, ಅಂದರೆ ಋಷಿಗಳ ಕೋಣೆ.
4. ಫ್ರಾನ್ಸ್ ದೇಶದ ಬ್ರಿಟನಿ ಸೀಮೆಯವರು ಕೊರಿಗಾನ್ ಎಂಬ ಕುಳ್ಳ ಜನರ ಮನೆ ಅನ್ನುತ್ತಿದ್ದರು.
5. ನೆದರ್ಲೆಂಡ್ಸಿನವರು ದೈತ್ಯರ ಹಾಸಿಗೆ ಎಂಬ ಅರ್ಥದ ಹೆಸರಿಟ್ಟರು.

ನಮ್ಮ ಮೋರೇರೂ ಬ್ರಿಟನಿಯ ಕೊರಿಗಾನರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಕಥೆ ಒಂದೇ. ಯಾಕೆ? ನನಗೆ ತಿಳಿದದ್ದು ಇಷ್ಟು. ಕಟ್ಟಿದವರ ಹೆಸರು ಮರೆತು ಹೋಗುತ್ತದೆ, ಕಲ್ಲು ಮಾತ್ರ ಕಣ್ಣ ಮುಂದೆ ನಿಂತಿರುತ್ತದೆ. ಇದನ್ನು ನಮ್ಮಂಥವರು ಕಟ್ಟಿರಲಿಕ್ಕಿಲ್ಲ ಅಂತ ಅನ್ನಿಸುತ್ತದೆ. ಆಗ ಕಲ್ಲಿನ ಭಾರ ನೋಡಿದವರು ದೈತ್ಯರು ಅಂದರು, ಕಿಂಡಿಯ ಅಳತೆ ನೋಡಿದವರು ಕುಳ್ಳರು ಅಂದರು. ಮರೆತ ಮೇಲೆ ನಮ್ಮ ಹಿರೇರೇ ನಮಗೆ ಮೋರೇರಾಗಿ ಕಂಡರು.

ನನ್ನ ತಪ್ಪು ಸಾಲು

ಈಗ ಆ ಸಾಲಿನ ವಿಷಯ. ಹಿಂದಿನ ಮುದ್ರಣದಲ್ಲಿ ನಾನು ಬರೆದದ್ದು ಹೀಗೆ: ಮೋರೇರು ಬೆಂಕಿಯ ಮಳೆಗೆ ಅಂಜಿ ತಮ್ಮ ಬಂಗಾರವನ್ನೆಲ್ಲ ಮನೆಯೊಳಗೆ ಹುಗಿದಿಟ್ಟರೆಂದು ಪ್ರತೀತಿ. ಅಜ್ಜಿಯ ಕಥೆಯಲ್ಲಿ ಬಂಗಾರ ಇರಲಿಲ್ಲ. ಎಲ್ಲಿಯೋ ಕೇಳಿದ್ದೆ, ಓದಲಿಕ್ಕೆ ಚಂದ ಇರಲಿ ಎಂದು ಸೇರಿಸಿದೆ. ಪ್ರತೀತಿ ಎಂದು ಹಾಕಿದರೆ ಜವಾಬ್ದಾರಿ ಇರುವುದಿಲ್ಲ ಎಂದು ತಿಳಿದಿದ್ದೆ.

ಒಂದು ದಿನ ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಇಬ್ಬರು ಬಂದರು. ಕೈಯಲ್ಲಿ ನಮ್ಮದೇ ಪುಸ್ತಕ, ಆ ಪುಟ ಮಡಚಿ ಇಟ್ಟಿದ್ದರು. "ಸರ, ಯಾವ ಮನ್ಯಾಗ ಹುಗದಾರ ಅಂತ ಇದರಾಗ ಬರದಿಲ್ಲಲ್ರಿ?" ಅಂತ ಕೇಳಿದರು. ಅದು ಬರೇ ಮಾತು, ಬಂಗಾರ ಗಿಂಗಾರ ಏನೂ ಇಲ್ಲ ಅಂದೆ. "ನೀವ ಬರದೀರಿ, ನೀವ ಇಲ್ಲ ಅಂತೀರಲ್ರಿ" ಅಂದು ನಕ್ಕು ಹೋದರು. ಅವರ ಗಾಡಿಯ ಹಿಂದೆ ಹಾರಿ, ಸಲಿಕೆ ಇದ್ದದ್ದು ಕಂಡೆ.

ಸ್ವಲ್ಪ ದಿನದ ಮೇಲೆ ಒಂದು ಗುಡ್ಡಕ್ಕೆ ಹೋಗಿದ್ದೆ. ಯಾವುದು ಎಂದು ಬರೆಯುವುದಿಲ್ಲ. ಅಲ್ಲಿ ಒಂದು ಕಲ್ಲುಮನೆಯ ಮೇಲಿನ ಚಪ್ಪಡಿ ಉರುಳಿಸಿ, ಒಳಗೆ ಎದೆ ಮಟ ಗುಂಡಿ ತೋಡಿದ್ದರು. ಕಿಂಡಿಯ ಕಲ್ಲು ಎರಡು ತುಂಡಾಗಿ ಬಿದ್ದಿತ್ತು. ಮಣ್ಣಿನ ಗುಡ್ಡೆಯಲ್ಲಿ ಗಡಿಗೆಯ ಚೂರು ಬಿಟ್ಟರೆ ಏನೂ ಇರಲಿಲ್ಲ. ಆ ಇಬ್ಬರೇ ಮಾಡಿದರು ಎಂದು ನಾನು ಹೇಳಲಾರೆ, ನಾನು ಕಂಡಿಲ್ಲ. ಆದರೆ ನಾನು ಬರೆದ ಸಾಲು ಅವರ ಕೈಯಲ್ಲಿ ಇತ್ತು. ಆ ಒಡೆದ ಕಿಂಡಿಯ ಮುಂದೆ ನಿಂತಾಗ ಅಜ್ಜಿ ಇಡಿಸಿದ ಎಲೆ ಅಡಿಕೆ ನೆನಪಾಯಿತು. ಈ ಸಲ ನಗು ಬರಲಿಲ್ಲ.

ಆದ್ದರಿಂದ ಈ ಮುದ್ರಣದಲ್ಲಿ ಆ ಸಾಲು ತೆಗೆದುಹಾಕಿದೆ. ಹಳೆಯ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಆ ಸಾಲಿನ ಮೇಲೆ ಗೆರೆ ಎಳೆಯಿರಿ. ನೆಲದ ಮೇಲೆ ನಿಂತ ಈ ಕಲ್ಲುಮನೆಗಳು ಸಾವಿರಾರು ವರ್ಷ ಬಿಸಿಲು ಮಳೆಗೆ ತೆರೆದೇ ಇದ್ದವು. ಬಲ್ಲವರು ಅಗೆದ ಕಡೆಗಳಲ್ಲಿ ಹೆಚ್ಚಾಗಿ ಸಿಕ್ಕಿದ್ದು ಎಲುಬು, ಗಡಿಗೆ, ಕಬ್ಬಿಣ, ಕೆಲವು ಕಡೆ ಮಣಿಗಳು. ಹಂಡೆ ತುಂಬ ಹೊನ್ನು ಎಂಬುದು ಸುಳ್ಳು. ಆ ಮಂದಿಯ ಬಹುಪಾಲು ಕಾಲದಲ್ಲಿ ನಮ್ಮ ಕಡೆ ನಾಣ್ಯದ ರೂಢಿಯೇ ಇರಲಿಲ್ಲ. ನಿಧಿ ಎಂದು ಹಾರಿ ಹಿಡಿದು ಹೋದವನು ಯಾರದೋ ತಾಯಿಯ ಗೋರಿಯನ್ನು ಒಡೆಯುತ್ತಾನೆ, ಬರಿಗೈಯಲ್ಲಿ ಬರುತ್ತಾನೆ.

ಕಾಯಿದೆಯ ಮಾತೂ ತಿಳಿದಿರಲಿ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಿದ್ದುಪಡಿ ಆಗಿದೆ. ಅದರ ಪ್ರಕಾರ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದ ತನಕ ಸೆರೆವಾಸ, ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ ಆಗಬಹುದು.

ಯಾತ್ರಿಕರಲ್ಲಿ ವಿನಂತಿ

ಮೋರೇರ ಮನೆಗಳನ್ನು ಅವಶ್ಯವಾಗಿ ನೋಡಿರಿ. ನೋಡಲು ಹೋದಾಗ ಇಷ್ಟು ಪಾಲಿಸಿರಿ:

1. ಬೆಳಿಗ್ಗೆ ಹೊತ್ತಿಗೆ ಹೋಗಿರಿ. ಬ್ಯಾಸಗಿಯಲ್ಲಿ ಬಂಡೆ ಕಾಯ್ದು ಮಧ್ಯಾಹ್ನ ನಿಲ್ಲಲಿಕ್ಕೆ ಆಗುವುದಿಲ್ಲ. ಕುಡಿಯುವ ನೀರು ಜೊತೆಯಲ್ಲಿರಲಿ.
2. ಚಪ್ಪಡಿಯ ಮೇಲೆ ಹತ್ತಬೇಡಿರಿ. ಕಿಂಡಿಯಲ್ಲಿ ಮಕ್ಕಳನ್ನು ಇಳಿಸಿ ಫೋಟೋ ತೆಗೆಯಬೇಡಿರಿ. ಗಾರೆ ಇಲ್ಲದೆ ನಿಂತ ಕಲ್ಲು, ಯಾವಾಗ ಸರಿಯುತ್ತದೆ ಹೇಳಲಿಕ್ಕೆ ಬರುವುದಿಲ್ಲ.
3. ಕಲ್ಲಿನ ಮೇಲೆ ಕರ್ಪೂರ ಹಚ್ಚಬೇಡಿರಿ, ಕಾಯಿ ಒಡೆಯಬೇಡಿರಿ, ಕಾಯ್ದರೆ ಮರಳುಗಲ್ಲು ಸಿಪ್ಪೆ ಏಳುತ್ತದೆ.
4. ಹೆಸರು ಬರೆಯಬೇಡಿರಿ. ಕಟ್ಟಿದವರೇ ತಮ್ಮ ಹೆಸರು ಬರೆದುಕೊಂಡಿಲ್ಲ.
5. ಗಡಿಗೆಯ ಚೂರು ಕಂಡರೆ ನೋಡಿ, ಅಲ್ಲಿಯೇ ಬಿಡಿರಿ. ಯಾವ ಚೂರು ಎಲ್ಲಿ ಬಿದ್ದಿದೆ ಎಂಬುದರ ಮೇಲೆಯೇ ತಿಳಿದವರು ಕಾಲ ಹೇಳುತ್ತಾರೆ. ಕಿಸೆಯಲ್ಲಿ ಹಾಕಿಕೊಂಡರೆ ಅದು ಬರೇ ಬೋಕಿ.
6. ಯಾರಾದರೂ ಅಗೆಯುವುದು ಕಂಡರೆ ನೀವೇ ಜಗಳಕ್ಕೆ ಹೋಗಬೇಡಿರಿ. 112ಕ್ಕೆ ಫೋನು ಮಾಡಿರಿ, ಇಲ್ಲವೆ ಹತ್ತಿರದ ಪಂಚಾಯತಿಗೆ ತಿಳಿಸಿರಿ.

ಮಕ್ಕಳಿಗೆ ಕಥೆಯನ್ನು ಅಗತ್ಯವಾಗಿ ಹೇಳಿರಿ. ಮೂರು ಗೇಣಿನ ಮಂದಿ, ಬೆಂಕಿಯ ಮಳೆ ಎಲ್ಲ ಇರಲಿ. ಪುರಾತತ್ವ ಇಲಾಖೆ, ಕಾಯಿದೆ ಯಾವುದೂ ಇಲ್ಲದ ಕಾಲದಲ್ಲಿ, ಅವರು ಮಲಗ್ಯಾರ ಎಬ್ಬಸಬ್ಯಾಡ ಎಂಬ ಒಂದು ಮಾತು ಈ ಕಲ್ಲುಗಳನ್ನು ಕಾಯ್ದಿತ್ತು. ಕಥೆ ಮುಗಿದ ಮೇಲೆ ಇಷ್ಟು ಸೇರಿಸಿರಿ: ಅವರು ಕುಳ್ಳರಲ್ಲ, ನಮ್ಮಷ್ಟೇ ಎತ್ತರದವರು, ಹುರುಳಿ ಬಿತ್ತಿದವರು, ತಮ್ಮವರು ತೀರಿಕೊಂಡಾಗ ಅತ್ತವರು, ಅತ್ತು ಸುಮ್ಮನಾಗದೆ ಊರೆಲ್ಲ ಸೇರಿ ಒಂದು ಕಲ್ಲು ನಿಲ್ಲಿಸಿದವರು.

ಅಜ್ಜಿ ಎತ್ತರದ ಲೆಕ್ಕದಲ್ಲಿ ತಪ್ಪಿದ್ದಳು. ಉಳಿದದ್ದರಲ್ಲಿ ತಪ್ಪಿರಲಿಲ್ಲ. ಒಳಗೆ ಮಲಗಿದ್ದವರು ನಿಜವಾಗಿಯೂ ಇದ್ದರು.

ತಮ್ಮ ಪ್ರಯಾಣ ಸುಖಕರವಾಗಲಿ. ಈ ಲೇಖನದಲ್ಲಿ ತಪ್ಪು ಕಂಡರೆ ಕಚೇರಿ ಕಿಡಕಿಯಲ್ಲಿ ತಿಳಿಸಿರಿ. ಮುಂದಿನ ಮುದ್ರಣದಲ್ಲಿ ತಿದ್ದಿಕೊಳ್ಳಲಾಗುವುದು.